ಕೆಟ್ಟ ಫ್ರಿಜ್‌ಗೆ ಕೆಜಿಗೆ 22 ರೂಪಾಯಿ: ಕಂಪನಿಗಳು ಕೋರ್ಟಿಗೆ ಹೋಗಿದ್ದು ಯಾಕೆ?

ಕೆಟ್ಟುಹೋದ ಫ್ರಿಜ್ಜನ್ನು ಗುಜರಿಗೆ ಹಾಕಿದರೆ ಗುಜರಿಯವರೇ ನಮ್ಮ ಕೈಗೆ ದುಡ್ಡು ಕೊಟ್ಟು ಹೊತ್ತುಕೊಂಡು ಹೋಗುತ್ತಾರೆ. ಆದರೆ ಅದೇ ಫ್ರಿಜ್ಜನ್ನು ರೀಸೈಕಲ್ ಮಾಡಿಸಲು ಕಂಪನಿಗಳು ಕೆಜಿಗೆ ಕನಿಷ್ಠ 22 ರೂಪಾಯಿ ಕೊಡಬೇಕು ಅಂತ ಕೇಂದ್ರ ಸರ್ಕಾರ ಹೇಳುತ್ತದೆ. ಇದು ತುಂಬ ಜಾಸ್ತಿಯಾಯಿತು ಅಂತ ಡೈಕಿನ್, ಹಿಟಾಚಿ, ವೋಲ್ಟಾಸ್, ಹ್ಯಾವೆಲ್ಸ್, ಸ್ಯಾಮ್‌ಸಂಗ್, ಎಲ್‌ಜಿ ಮುಂತಾದ ಕಂಪನಿಗಳು ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಿವೆ. ಸುದ್ದಿ ಓದಿದವರಿಗೆ ತಲೆ ಕೆಡುವುದು ಸಹಜ. ಹಳೇ ಸಾಮಾನಿಗೆ ಬೆಲೆ ಇದ್ದರೆ ಅದನ್ನು ತೆಗೆದುಕೊಳ್ಳುವವರು ತಾನೇ ದುಡ್ಡು ಕೊಡಬೇಕು? ಬೆಲೆ ಇಲ್ಲ ಅಂದರೆ ಗುಜರಿಯವರು ಯಾಕೆ ಕೊಳ್ಳುತ್ತಾರೆ?

ಎರಡೂ ಪ್ರಶ್ನೆ ಸರಿಯಾಗಿಯೇ ಇವೆ. ಒಂದು ಫ್ರಿಜ್‌ನಲ್ಲಿ ಮಾರಿ ದುಡ್ಡು ಮಾಡಬಹುದಾದ ಭಾಗವೂ ಇದೆ, ದುಡ್ಡು ಖರ್ಚು ಮಾಡಿ ವಿಲೇವಾರಿ ಮಾಡಬೇಕಾದ ಭಾಗವೂ ಇದೆ. ಗುಜರಿ ಲೆಕ್ಕದಲ್ಲಿ ಮೊದಲನೆಯದು ಮಾತ್ರ ಬರುತ್ತದೆ. ಎರಡನೆಯದರ ಖರ್ಚು ಯಾರು ಹೊರಬೇಕು ಅನ್ನುವುದೇ ಈಗಿನ ಜಗಳ.

ಮೊದಲು ಅಂಕಿ-ಅಂಶ

2022ರಲ್ಲಿ ಇಡೀ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು ಅಂತ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಅದರಲ್ಲಿ ಲೆಕ್ಕಕ್ಕೆ ಸಿಕ್ಕು, ಸರಿಯಾಗಿ ರೀಸೈಕಲ್ ಆಗಿದ್ದು ಶೇ 22.3 ಮಾತ್ರ. ಚೀನಾ, ಅಮೆರಿಕ ಬಿಟ್ಟರೆ ಅತಿ ಹೆಚ್ಚು ಇ-ತ್ಯಾಜ್ಯ ಹುಟ್ಟುವುದು ನಮ್ಮಲ್ಲೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ, ಅಂದರೆ ಸಿಪಿಸಿಬಿ, ಕೊಡುವ ಲೆಕ್ಕದ ಪ್ರಕಾರ 2019-20ರಲ್ಲಿ ದೇಶದಲ್ಲಿ ಸುಮಾರು 10.1 ಲಕ್ಷ ಟನ್ ಇದ್ದದ್ದು 2023-24ಕ್ಕೆ 17.5 ಲಕ್ಷ ಟನ್ ಆಗಿದೆ. ನಾಲ್ಕೇ ವರ್ಷದಲ್ಲಿ ಇಷ್ಟು ಏರಿಕೆ.

ಇದರಲ್ಲಿ ಶೇ 43ರಷ್ಟು ರೀಸೈಕಲ್ ಆಗಿದೆ ಅನ್ನುವುದು ಸರ್ಕಾರದ ಮಾತು. ಉಳಿದದ್ದು? ಕಾಡಿನಲ್ಲೋ ಕೆರೆಯಲ್ಲೋ ಬಿದ್ದಿದೆ ಅಂತಲ್ಲ. ಅದರಲ್ಲಿ ಹೆಚ್ಚಿನದು ಗುಜರಿ ಅಂಗಡಿಗಳ ಮೂಲಕ ಸಣ್ಣ ಸಣ್ಣ ಶೆಡ್‌ಗಳಿಗೆ ಹೋಗಿ ಬಿಚ್ಚಿಕೊಳ್ಳುತ್ತದೆ, ಸುಟ್ಟುಕೊಳ್ಳುತ್ತದೆ, ಆಸಿಡ್‌ನಲ್ಲಿ ಮುಳುಗುತ್ತದೆ. ದೆಹಲಿಯ ಸೀಲಂಪುರ, ಉತ್ತರ ಪ್ರದೇಶದ ಮೊರಾದಾಬಾದ್ ಈ ಕೆಲಸಕ್ಕೆ ಮೊದಲಿನಿಂದಲೂ ಹೆಸರಾದ ಜಾಗಗಳು. ನಮ್ಮ ಬೆಂಗಳೂರಿನಲ್ಲೂ ಗೋರಿಪಾಳ್ಯ, ನಾಯಂಡಹಳ್ಳಿ, ಜಾಲಿ ಮೊಹಲ್ಲಾ ಕಡೆಯ ಗುಜರಿ ವ್ಯಾಪಾರ ಗೊತ್ತಿರುವವರಿಗೆ ಇದು ಹೊಸ ವಿಷಯವೇನಲ್ಲ.

ಕಾನೂನು ಇದ್ದರೂ ಯಾಕೆ ಹೀಗೆ?

ಕಾನೂನು ಇಲ್ಲ ಅನ್ನುವಂತಿಲ್ಲ. ಮೊದಲ ಇ-ತ್ಯಾಜ್ಯ ನಿಯಮ 2011ರಲ್ಲಿ ಬಂತು, 2012ರ ಮೇ ತಿಂಗಳಲ್ಲಿ ಜಾರಿಯಾಯಿತು. 2016ರಲ್ಲಿ ಎರಡನೆಯದು. ಈಗ ನಡೆಯುತ್ತಿರುವುದು 2022ರ ನವೆಂಬರ್‌ನಲ್ಲಿ ಹೊರಡಿಸಿ, 2023ರ ಏಪ್ರಿಲ್ 1ರಿಂದ ಜಾರಿಗೆ ತಂದ ಮೂರನೆಯದು. ಮೊದಲು 21 ಬಗೆಯ ವಸ್ತುಗಳಿಗೆ ಇದ್ದ ನಿಯಮ ಈಗ 106 ಬಗೆಗೆ ಅನ್ವಯಿಸುತ್ತದೆ.

ಮೂರರಲ್ಲೂ ಇರುವ ಮೂಲ ವಿಚಾರ ಒಂದೇ. ವಸ್ತು ಮಾರಿದ ಕಂಪನಿಯೇ ಅದರ ಕೊನೆಗಾಲಕ್ಕೂ ಹೊಣೆ. ಇದನ್ನೇ ಇಪಿಆರ್ (ಎಕ್ಸ್‌ಟೆಂಡೆಡ್ ಪ್ರೊಡ್ಯೂಸರ್ ರೆಸ್ಪಾನ್ಸಿಬಿಲಿಟಿ, ಅಂದರೆ ಉತ್ಪಾದಕರ ವಿಸ್ತೃತ ಹೊಣೆ) ಅಂತ ಕರೆಯುತ್ತಾರೆ. ಲೆಕ್ಕ ಹಾಕುವ ರೀತಿ ಹೀಗಿದೆ. ಎಸಿಯ ಸರಾಸರಿ ಆಯುಸ್ಸು 10 ವರ್ಷ ಅಂತ ನಿಯಮದಲ್ಲೇ ಬರೆದಿದೆ, ಲ್ಯಾಪ್‌ಟಾಪ್‌ಗೆ 5 ವರ್ಷ. ಅಂದರೆ ಹತ್ತು ವರ್ಷದ ಹಿಂದೆ ಮಾರಿದ ಎಸಿಗಳು ಈ ವರ್ಷ ಕಸ ಆಗಿರುತ್ತವೆ ಅಂತ ಭಾವಿಸಿ, ಅಷ್ಟು ತೂಕದಲ್ಲಿ ಇಂತಿಷ್ಟು ಪಾಲನ್ನು ರೀಸೈಕಲ್ ಮಾಡಿಸಿ ತೋರಿಸಬೇಕು. ಮೊದಲ ಎರಡು ವರ್ಷ ಶೇ 60, 2025-26 ಮತ್ತು 2026-27ಕ್ಕೆ ಶೇ 70, ಅದರ ಮುಂದೆ ಶೇ 80.

ಹಾಗಂತ ಕಂಪನಿಯವರೇ ಮನೆ ಮನೆಗೆ ಬಂದು ಹಳೇ ಎಸಿ ಬಿಚ್ಚಿಕೊಂಡು ಹೋಗಬೇಕಿಲ್ಲ. ನೋಂದಣಿ ಆಗಿರುವ ರೀಸೈಕ್ಲರ್ ಎಷ್ಟು ಮಾಲು ರೀಸೈಕಲ್ ಮಾಡಿದನೋ ಅಷ್ಟಕ್ಕೆ ಸಿಪಿಸಿಬಿಯ ಪೋರ್ಟಲ್‌ನಲ್ಲಿ ಸರ್ಟಿಫಿಕೇಟ್ ಹುಟ್ಟುತ್ತದೆ. ಕಂಪನಿ ಅದನ್ನು ದುಡ್ಡು ಕೊಟ್ಟು ಕೊಂಡುಕೊಂಡು ತನ್ನ ಗುರಿ ಮುಟ್ಟಿದ ಲೆಕ್ಕ ತೋರಿಸುತ್ತದೆ. ಅಲ್ಲಿಗೆ ಕಂಪನಿಯ ಕೆಲಸ ಮುಗಿಯಿತು. ಈಗ ಕೋರ್ಟಿನಲ್ಲಿರುವುದು ಈ ಸರ್ಟಿಫಿಕೇಟ್‌ನ ಬೆಲೆ.

ಸರ್ಟಿಫಿಕೇಟ್ ಅಗ್ಗವಾದರೆ ಏನಾಗುತ್ತದೆ

ಮೊದಲು ಬೆಲೆಯನ್ನು ಮಾರುಕಟ್ಟೆಗೇ ಬಿಟ್ಟಿದ್ದರು. ಕಂಪನಿಗೆ ಬೇಕಾಗಿರುವುದು ಕಾಗದ. ಎಲ್ಲಿ ಅಗ್ಗಕ್ಕೆ ಸಿಗುತ್ತದೋ ಅಲ್ಲಿ ಕೊಳ್ಳುತ್ತದೆ, ಅದು ತಪ್ಪೂ ಅಲ್ಲ. ಆದರೆ ಅಗ್ಗಕ್ಕೆ ಮಾರಬಲ್ಲವನು ಯಾರು? ಗ್ಯಾಸ್ ಹಿಡಿಯುವ ಮೆಷಿನ್ ಹಾಕಿಸಿ, ಕೆಲಸದವರಿಗೆ ಮಾಸ್ಕು, ಗ್ಲೌಸು, ಇಎಸ್‌ಐ ಎಲ್ಲ ಕೊಟ್ಟು, ಮಿಕ್ಕ ವಿಷದ ಕಸವನ್ನು ದುಡ್ಡು ಕಟ್ಟಿ ವಿಲೇವಾರಿ ಮಾಡುವ ರೀಸೈಕ್ಲರ್‌ಗೆ ಅದು ಗಿಟ್ಟುವುದಿಲ್ಲ. ಇದ್ಯಾವುದನ್ನೂ ಮಾಡದೆ ಬರೀ ತೂಕ ತೋರಿಸುವವನಿಗೆ ಎಷ್ಟಕ್ಕೆ ಮಾರಿದರೂ ಲಾಭವೇ. ಹೀಗಾಗಿ ಬೆಲೆ ಕೆಳಗಿಳಿದಷ್ಟೂ ಸರಿಯಾಗಿ ಕೆಲಸ ಮಾಡುವವನು ಹಿಂದೆ ಬೀಳುತ್ತಾನೆ, ಕಾಗದ ಮಾಡುವವನು ಮುಂದೆ ಬರುತ್ತಾನೆ.

ಇದು ಸುಮ್ನೆ ಹೆದರಿಕೆ ಅಲ್ಲ. ಇದೇ ರೀತಿಯ ಸರ್ಟಿಫಿಕೇಟ್ ಪದ್ಧತಿ ಪ್ಲಾಸ್ಟಿಕ್ ಕಸಕ್ಕೂ ಇದೆ. 2023ರಲ್ಲಿ ಸಿಪಿಸಿಬಿ ತಪಾಸಣೆ ಮಾಡಿದಾಗ ಗುಜರಾತ್, ಮಹಾರಾಷ್ಟ್ರ, ಕರ್ನಾಟಕದ ಬೆರಳೆಣಿಕೆಯ ಪ್ಲಾಸ್ಟಿಕ್ ರೀಸೈಕ್ಲರ್‌ಗಳು ಸುಮಾರು 6 ಲಕ್ಷ ನಕಲಿ ಸರ್ಟಿಫಿಕೇಟ್ ಸೃಷ್ಟಿಸಿದ್ದು ಬೆಳಕಿಗೆ ಬಂತು. ಇಲ್ಲದ ಪ್ಲಾಸ್ಟಿಕ್ ಕರಗಿತ್ತು, ಕಾಗದದ ಮೇಲೆ.

ಹೀಗಾಗಬಾರದು ಅಂತ 2024ರ ಮಾರ್ಚ್‌ನಲ್ಲಿ ಇ-ತ್ಯಾಜ್ಯ ನಿಯಮಕ್ಕೆ ತಿದ್ದುಪಡಿ ತಂದರು. ಗುರಿ ಮುಟ್ಟದ ಕಂಪನಿ ಪರಿಸರ ಪರಿಹಾರ ಅಂತ ದಂಡ ಕಟ್ಟಬೇಕು. ಸರ್ಟಿಫಿಕೇಟ್ ಬೆಲೆ ಆ ದಂಡದ ಶೇ 30ಕ್ಕಿಂತ ಕೆಳಗೆ ಇಳಿಯಬಾರದು, ಶೇ 100ಕ್ಕಿಂತ ಮೇಲೆ ಹೋಗಬಾರದು ಅಂತ ಮಿತಿ ಹಾಕಿದರು. ಅದರ ಮೇಲೆ ಲೆಕ್ಕ ಮಾಡಿ 2024ರ ಸೆಪ್ಟೆಂಬರ್‌ನಲ್ಲಿ ಫ್ರಿಜ್, ಎಸಿ, ಟಿವಿ ಥರದ ವಸ್ತುಗಳಿಗೆ ಕೆಜಿಗೆ ಕನಿಷ್ಠ 22 ರೂಪಾಯಿ ಅಂತ ಗೊತ್ತು ಮಾಡಿದರು. ಅಲ್ಲಿಯವರೆಗೆ ಸುಮಾರು 6 ರೂಪಾಯಿಗೂ ಸರ್ಟಿಫಿಕೇಟ್ ಸಿಗುತ್ತಿತ್ತು.

ಒಂದು ಉದಾಹರಣೆ ಲೆಕ್ಕ ಹಾಕೋಣ. ಒಂದು ಕಂಪನಿ ಹತ್ತು ವರ್ಷದ ಹಿಂದೆ 1,000 ಟನ್ ತೂಕದ ಎಸಿ ಮಾರಿದೆ ಅಂದುಕೊಳ್ಳಿ. ಶೇ 70 ಅಂದರೆ 700 ಟನ್, ಅಂದರೆ 7 ಲಕ್ಷ ಕೆಜಿ. ಕೆಜಿಗೆ 6 ರೂಪಾಯಿ ಆದರೆ 42 ಲಕ್ಷ. 22 ರೂಪಾಯಿ ಆದರೆ 1 ಕೋಟಿ 54 ಲಕ್ಷ. ಖರ್ಚು ಒಂದೇ ಏಟಿಗೆ ಮೂರೂವರೆ ಪಟ್ಟಿಗಿಂತ ಜಾಸ್ತಿಯಾಯಿತು. ಕಂಪನಿಗಳು ಕೂಗಾಡುವುದಕ್ಕೆ ಕಾರಣ ಇದು. ಕೆಲವು ಕಂಪನಿಗಳಂತೂ ತಾವು ಹಿಂದೆ ಕೊಡುತ್ತಿದ್ದದ್ದಕ್ಕಿಂತ 5ರಿಂದ 15 ಪಟ್ಟು ಜಾಸ್ತಿ ಆಗುತ್ತದೆ ಅನ್ನುತ್ತವೆ.

ಗುಜರಿಯವರು ಕೊಡುವ ಬೆಲೆಯಲ್ಲಿ ಏನು ಇಲ್ಲ?

ಈ ಜಗಳದ ಬೇರು ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡಬೇಕು.

ಒಂದು ಹಳೇ ಎಸಿ ಗುಜರಿಗೆ ಹೋಯಿತು ಅಂದುಕೊಳ್ಳಿ. ಅದರಲ್ಲಿ ತಾಮ್ರದ ಪೈಪು ಇದೆ, ಅಲ್ಯೂಮಿನಿಯಂ ಇದೆ, ಕಂಪ್ರೆಸರ್ ಒಳಗೆ ಮತ್ತೆ ತಾಮ್ರ, ಕಬ್ಬಿಣ ಇದೆ. ಇವಕ್ಕೆಲ್ಲ ಒಳ್ಳೇ ರೇಟು. ಆದರೆ ಪೈಪು ಕತ್ತರಿಸಿದ ಕೂಡಲೇ ಒಳಗಿನ ಗ್ಯಾಸ್ ಬುಸ್ ಅಂತ ಹೊರಗೆ ಹೋಗುತ್ತದೆ. ಆರ್-410ಎ ಅನ್ನುವ ಗ್ಯಾಸ್ ಆಗಿದ್ದರೆ, ಅದು ಒಂದು ಕೆಜಿ ಗಾಳಿಗೆ ಸೇರಿದರೂ ಸುಮಾರು 2 ಟನ್ ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟು ಭೂಮಿ ಬಿಸಿಯಾಗುತ್ತದೆ. ಆ ಗ್ಯಾಸನ್ನು ಹಿಡಿದು ಸಿಲಿಂಡರ್‌ಗೆ ತುಂಬಲು ಮೆಷಿನ್ ಬೇಕು, ಸಮಯ ಬೇಕು, ಹಿಡಿದ ಮೇಲೆ ಅದನ್ನು ನಾಶ ಮಾಡಲು ಮತ್ತೆ ಖರ್ಚು. ಗುಜರಿ ಶೆಡ್ಡಿನಲ್ಲಿ ಇದರ ಖರ್ಚು ಸೊನ್ನೆ, ಯಾಕೆಂದರೆ ಅಲ್ಲಿ ಆ ಕೆಲಸವೇ ನಡೆಯುವುದಿಲ್ಲ.

ಹಳೇ ಪಿಕ್ಚರ್ ಟ್ಯೂಬ್ ಟಿವಿಯದ್ದೂ ಇದೇ ಕತೆ. ಟ್ಯೂಬಿನ ಹಿಂದಿನ ತಾಮ್ರದ ಸುರುಳಿ ಬೇಕು, ಗಾಜು ಬೇಡ. ಆ ಗಾಜಿನಲ್ಲಿ ಒಂದೆರಡು ಕೆಜಿಯವರೆಗೂ ಸೀಸ ಇರುತ್ತದೆ. ಒಡೆದು ಎಲ್ಲೋ ಸುರಿದರೆ ಮಣ್ಣಿಗೆ ಸೀಸ. ವೈರಿನ ತಾಮ್ರ ತೆಗೆಯಲು ಸುಲಭ ದಾರಿ ಅಂದರೆ ಬೆಂಕಿ ಹಚ್ಚುವುದು. ಮೇಲಿನ ಪಿವಿಸಿ ಸುಟ್ಟಾಗ ಡೈಆಕ್ಸಿನ್ ಎನ್ನುವ ವಿಷ ಹೊಗೆಯಲ್ಲಿ ಬರುತ್ತದೆ. ಹಳೇ ಎಲ್‌ಸಿಡಿ ಮಾನಿಟರ್‌ಗಳ ಹಿಂದಿನ ಸಣ್ಣ ಟ್ಯೂಬ್‌ಲೈಟ್‌ನಲ್ಲಿ ಪಾದರಸ ಇರುತ್ತದೆ, ಅದು ಒಡೆದದ್ದು ಯಾರ ಗಮನಕ್ಕೂ ಬರುವುದಿಲ್ಲ.

ಕಂಪ್ಯೂಟರ್ ಮದರ್‌ಬೋರ್ಡ್ ಮಾತ್ರ ಬೇರೆ ಥರ. ಇಲ್ಲಿ ಚಿನ್ನ ಇದೆ. ಒಂದು ಟನ್ ಮೊಬೈಲ್ ಫೋನುಗಳಲ್ಲಿ ಸುಮಾರು 300 ಗ್ರಾಂ ಚಿನ್ನ ಸಿಗುತ್ತದೆ ಅಂತ ಅಂದಾಜು. ಗಣಿಯ ಒಂದು ಟನ್ ಅದಿರಿನಲ್ಲಿ ಸಾಮಾನ್ಯವಾಗಿ ಕೆಲವೇ ಗ್ರಾಂ, ಕೋಲಾರದ ಗಣಿ ಮುಚ್ಚಿದ್ದೇ ತೆಗೆದ ಚಿನ್ನಕ್ಕಿಂತ ತೆಗೆಯುವ ಖರ್ಚು ಜಾಸ್ತಿ ಆಗಿದ್ದಕ್ಕೆ ಅನ್ನುವುದನ್ನು ನೆನಪಿಸಿಕೊಂಡರೆ ಈ ವ್ಯತ್ಯಾಸ ಎಷ್ಟು ದೊಡ್ಡದು ಗೊತ್ತಾಗುತ್ತದೆ. ಬೋರ್ಡನ್ನು ಆಸಿಡ್‌ನಲ್ಲಿ ಅದ್ದಿ ಚಿನ್ನ ತೆಗೆಯುವವರು ಅದರ ಒಂದು ಪಾಲನ್ನು ಮಾತ್ರ ಪಡೆಯುತ್ತಾರೆ, ಉಳಿದ ಲೋಹ ಆಸಿಡ್ ಜೊತೆ ಚರಂಡಿ ಸೇರುತ್ತದೆ. ಬೆಲ್ಜಿಯಂನ ಯುಮಿಕೋರ್, ಸ್ವೀಡನ್ನಿನ ಬೊಲಿಡೆನ್ ಥರದ ದೊಡ್ಡ ಕುಲುಮೆಗಳು ಒಂದೇ ಬೋರ್ಡಿನಿಂದ ಹತ್ತಾರು ಲೋಹ ತೆಗೆಯುತ್ತವೆ. ಆದರೂ ಗುಜರಿಯವರೇ ಜಾಸ್ತಿ ರೇಟು ಕೊಡಬಲ್ಲರು. ಕಡಿಮೆ ಚಿನ್ನ ತೆಗೆದರೂ ಅವರಿಗೆ ಬೇರೆ ಖರ್ಚೇ ಇಲ್ಲವಲ್ಲ!

ಹಾಗಂತ ಗುಜರಿಯವರನ್ನು ಖಳನಾಯಕರು ಮಾಡುವುದು ಸುಲಭ, ಮತ್ತು ತಪ್ಪು. ಮನೆ ಬಾಗಿಲಿಗೆ ಬಂದು, ಹೊತ್ತು, ವಿಂಗಡಿಸಿ, ದುಡ್ಡು ಕೊಟ್ಟು ಹೋಗುವ ಇಂಥ ಜಾಲ ಯುರೋಪಿನ ದೇಶಗಳಲ್ಲಿ ಅಪರೂಪ. ರಿಪೇರಿ ಆಗುವ ಸಾಮಾನನ್ನು ಅವರು ಒಡೆಯುವುದೂ ಇಲ್ಲ, ಬೆಂಗಳೂರಿನ ಎಸ್‌ಪಿ ರೋಡಿನ ಸೆಕೆಂಡ್‌ಹ್ಯಾಂಡ್ ಅಂಗಡಿಗೆ ಕಳಿಸುತ್ತಾರೆ. ತೊಂದರೆ ಇರುವುದು ಸಂಗ್ರಹದಲ್ಲಿ ಅಲ್ಲ, ಸುಡುವುದರಲ್ಲಿ ಮತ್ತು ಆಸಿಡ್ಡಿನಲ್ಲಿ. ಸಂಗ್ರಹವನ್ನೂ ಈ ಕೆಲಸಗಳನ್ನೂ ಬೇರೆ ಬೇರೆ ಮಾಡಿ ನೋಡದಿದ್ದರೆ ಯಾವ ನಿಯಮವೂ ಕೆಲಸ ಮಾಡುವುದಿಲ್ಲ.

ಕಂಪನಿಗಳು ಹೇಳುವುದೇನು

ಕಂಪನಿಗಳ ವಾದದಲ್ಲೂ ಹುರುಳಿದೆ. ಸರ್ಟಿಫಿಕೇಟ್ ಖಾಸಗಿ ವ್ಯಾಪಾರ, ಅದರ ಬೆಲೆ ಸರ್ಕಾರ ನಿಗದಿ ಮಾಡುವುದು ಯಾಕೆ, ಕೊಳ್ಳುವವರು ಮಾರುವವರು ತೀರ್ಮಾನ ಮಾಡಲಿ ಅನ್ನುವುದು ಒಂದು. ರೀಸೈಕ್ಲರ್‌ಗೆ ತಾಮ್ರ, ಅಲ್ಯೂಮಿನಿಯಂ ಮಾರಿದ ದುಡ್ಡೂ ಬರುತ್ತದೆ, ಮೇಲೆ ನಮ್ಮ ದುಡ್ಡೂ ಬರುತ್ತದೆ, ಇದು ಎರಡು ಕಡೆಯ ಲಾಭ ಅನ್ನುವುದು ಇನ್ನೊಂದು. ಮೂರನೆಯದು ನನಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸುತ್ತದೆ: ಈ ವಲಯದಲ್ಲಿ ಇರುವವರಲ್ಲಿ ಕಡಿಮೆ ಅಂದರೂ ಶೇ 80 ಮಂದಿ ಗುಜರಿ ವ್ಯಾಪಾರಿಗಳೇ ಆಗಿರುವಾಗ ಅವರನ್ನು ಮುಟ್ಟದೆ, ಕಂಪನಿಗಳಿಂದ ಜಾಸ್ತಿ ದುಡ್ಡು ಕಿತ್ತರೆ ಮಾತ್ರ ಪರಿಸರ ಸರಿಹೋಗುತ್ತದಾ?

ಸರ್ಕಾರದ ಉತ್ತರ

ಸರ್ಕಾರದ ಕಡೆಯ ತರ್ಕ ನೇರವಾಗಿದೆ. ಸರಿಯಾದ ರೀಸೈಕ್ಲರ್ ಗುಜರಿಯವರ ಜೊತೆ ಪೈಪೋಟಿ ಮಾಡಿ ಮಾಲು ಕೊಳ್ಳಬೇಕು. ಗುಜರಿಯವರು ಕೊಡುವ ರೇಟಿಗೆ ಕೊಳ್ಳಲು ಅವನ ಕೈಯಲ್ಲಿ ದುಡ್ಡಿರಬೇಕು. ಆ ದುಡ್ಡು ಸರ್ಟಿಫಿಕೇಟ್‌ನಿಂದ ಬರಬೇಕು. ಬೆಲೆಗೆ ತಳ ಇಲ್ಲದಿದ್ದರೆ ಯಾರೂ ಹೊಸ ಘಟಕಕ್ಕೆ ಬಂಡವಾಳ ಹಾಕುವುದಿಲ್ಲ, ಯಾಕೆಂದರೆ ಮುಂದಿನ ವರ್ಷ ಬೆಲೆ 6 ರೂಪಾಯಿಯೋ 2 ರೂಪಾಯಿಯೋ ಗೊತ್ತಿರುವುದಿಲ್ಲ. ಹೊರದೇಶಗಳ ಜೊತೆ ಹೋಲಿಸಿದರೂ ಇದು ದೊಡ್ಡ ಮೊತ್ತವಲ್ಲ. ರೆಡ್‌ಸೀರ್ ಎನ್ನುವ ಸಂಶೋಧನಾ ಸಂಸ್ಥೆಯ ಪ್ರಕಾರ ಅಮೆರಿಕದಲ್ಲಿ ಇದರ ಐದು ಪಟ್ಟಿನವರೆಗೂ, ಚೀನಾದಲ್ಲಿ ಕನಿಷ್ಠ ಒಂದೂವರೆ ಪಟ್ಟು ಕೊಡುತ್ತಾರೆ.

ಬೇರೆ ದೇಶದಲ್ಲಿ ಈ ಖರ್ಚು ಬೇರೆಯವರ ತಲೆ ಮೇಲೆ ಬೀಳುವುದೂ ಉಂಟು. ಜಪಾನಿನಲ್ಲಿ 2001ರಿಂದ ಎಸಿ, ಟಿವಿ, ಫ್ರಿಜ್, ವಾಷಿಂಗ್ ಮೆಷಿನ್ ಬಿಸಾಡುವವರೇ ಶುಲ್ಕ ಕಟ್ಟಬೇಕು. ಸ್ವಿಟ್ಜರ್ಲೆಂಡಿನಲ್ಲಿ ಹೊಸದು ಕೊಳ್ಳುವಾಗಲೇ ಬಿಲ್ಲಿನಲ್ಲಿ ರೀಸೈಕ್ಲಿಂಗ್ ಶುಲ್ಕ ಸೇರಿರುತ್ತದೆ. ಹಳೇ ಫ್ರಿಜ್ ಕೊಟ್ಟು ಮೇಲೆ ದುಡ್ಡನ್ನೂ ಕೊಡಿ ಅಂತ ನಮ್ಮಲ್ಲಿ ಹೇಳಿದರೆ ಏನಾಗುತ್ತದೆ ಅಂತ ಊಹಿಸಿಕೊಳ್ಳಿ! ಫ್ರಿಜ್ ನೇರ ಗುಜರಿಗೇ ಹೋಗುತ್ತದೆ. ಹಾಗಾಗಿ ಇಲ್ಲಿ ಕಂಪನಿಯಿಂದ ವಸೂಲಿ ಮಾಡುವುದು ಬಿಟ್ಟು ಬೇರೆ ದಾರಿ ಇದ್ದಂತಿಲ್ಲ.

ನಮ್ಮ ಜೇಬಿಗೆ ಎಷ್ಟು ಬೀಳುತ್ತದೆ?

ಕಂಪನಿ ಈ ಖರ್ಚನ್ನು ನಮ್ಮ ಮೇಲೇ ಹಾಕುತ್ತದೆ ಅಂತಲೇ ಇಟ್ಟುಕೊಳ್ಳೋಣ. ಒಂದು ಎಸಿ 40 ಕೆಜಿ ತೂಗುತ್ತದೆ ಅಂತಾದರೆ ಅದರ ಶೇ 70 ಅಂದರೆ 28 ಕೆಜಿ, ಕೆಜಿಗೆ 22 ರೂಪಾಯಿಯಂತೆ 616 ರೂಪಾಯಿ. ಆದರೆ ಇದು ಹತ್ತು ವರ್ಷದ ಹಿಂದೆ ಮಾರಿದ ಎಸಿಯ ಲೆಕ್ಕ. ಆಗ ದೇಶದಲ್ಲಿ ಎಸಿ ಮಾರಾಟ ಈಗಿನದಕ್ಕಿಂತ ತುಂಬ ಕಡಿಮೆ ಇತ್ತು. ಆಗ ಒಂದು ಮಾರಿದ ಕಂಪನಿ ಈಗ ಎರಡು ಮಾರುತ್ತಿದೆ ಅಂದರೆ, ಹೊಸ ಎಸಿ ಒಂದಕ್ಕೆ ಬೀಳುವುದು 308 ರೂಪಾಯಿ. 38,000 ರೂಪಾಯಿಯ ಎಸಿಗೆ ಇದು ಶೇ 1ಕ್ಕಿಂತ ಕಡಿಮೆ. ಹಬ್ಬದ ಸೀಸನ್‌ನಲ್ಲಿ ಕೊಡುವ ಡಿಸ್ಕೌಂಟ್ ಇದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ, ಅಲ್ವಾ? ಬೆಲೆ ಏರಿ ಗ್ರಾಹಕರು ಸತ್ತೇಹೋಗುತ್ತಾರೆ ಅನ್ನುವ ವಾದವನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಿಲ್ಲ. ಕಂಪನಿಗೆ ಕೋಟಿಗಳ ಲೆಕ್ಕದಲ್ಲಿ ಹೊರೆ ಆಗುವುದು ನಿಜ, ಆದರೆ ಪ್ರತಿ ಮೆಷಿನ್‌ಗೆ ಹಂಚಿದರೆ ಅದು ಸಣ್ಣದು.

22 ರೂಪಾಯಿಯಲ್ಲಿ ಕಾಣದ ತೂತು

ನನ್ನ ಮಟ್ಟಿಗೆ ದೊಡ್ಡ ಪ್ರಶ್ನೆ ಬೆಲೆ ಅಲ್ಲ. ಆ ಬೆಲೆಗೆ ಬದಲಾಗಿ ಏನು ಸಿಗುತ್ತದೆ ಅನ್ನುವುದು.

ಈಗಿನ ಪದ್ಧತಿಯಲ್ಲಿ ಸರ್ಟಿಫಿಕೇಟ್ ಹುಟ್ಟುವುದು ನಾಲ್ಕು ಲೋಹಗಳ ಆಧಾರದ ಮೇಲೆ: ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ. ಮೇಲೆ ಹೇಳಿದ್ದನ್ನು ಇದರ ಪಕ್ಕಕ್ಕೆ ಇಟ್ಟು ನೋಡಿ. ಈ ನಾಲ್ಕನ್ನೂ ಗುಜರಿಯವರು ಸರ್ಕಾರ ಹೇಳದಿದ್ದರೂ ತೆಗೆಯುತ್ತಾರೆ. ತೆಗೆಯದೆ ಬಿಡುವುದು ಗ್ಯಾಸು, ಸೀಸದ ಗಾಜು, ಪಾದರಸ, ಫ್ರಿಜ್ ಗೋಡೆಯೊಳಗಿನ ಫೋಮು. ಇವನ್ನು ಸರಿಯಾಗಿ ವಿಲೇವಾರಿ ಮಾಡಬೇಕು ಅಂತ ನಿಯಮ ಹೇಳುತ್ತದೆ ನಿಜ, ಆದರೆ ಮಾಡಿದ್ದಕ್ಕೆ ಬೇರೆ ಸರ್ಟಿಫಿಕೇಟ್ ಇಲ್ಲ, ಬೇರೆ ದುಡ್ಡಿಲ್ಲ. ಅಂದರೆ ಹಾನಿ ಇರುವುದು ಒಂದು ಕಡೆ, ಬಹುಮಾನ ಇರುವುದು ಇನ್ನೊಂದು ಕಡೆ.

ಅಪರೂಪದ ಲೋಹಗಳದ್ದೂ ಇದೇ ಪಾಡು. ಹಾರ್ಡ್‌ಡಿಸ್ಕ್‌ನ ಆಯಸ್ಕಾಂತದಲ್ಲಿ ನಿಯೋಡಿಮಿಯಂ ಇದೆ, ಬೋರ್ಡಿನ ಕೆಪಾಸಿಟರ್‌ಗಳಲ್ಲಿ ಟ್ಯಾಂಟಲಮ್ ಇದೆ. 2025ರ ಏಪ್ರಿಲ್‌ನಲ್ಲಿ ಚೀನಾ ಇಂಥ ಆಯಸ್ಕಾಂತಗಳ ರಫ್ತಿಗೆ ಕಡಿವಾಣ ಹಾಕಿದಾಗ ನಮ್ಮ ವಾಹನ ತಯಾರಕರೂ ಪರದಾಡಿದರು. ಅದಾದ ಮೇಲೆ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಇಂಥ ಖನಿಜಗಳ ರೀಸೈಕ್ಲಿಂಗ್‌ಗೆ 1,500 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ಹಳೇ ಹಾರ್ಡ್‌ಡಿಸ್ಕ್ ರೀಸೈಕ್ಲರ್ ಹತ್ತಿರ ಬರುವ ಮುಂಚೆಯೇ ಶೆಡ್ಡಿನಲ್ಲಿ ಅಲ್ಯೂಮಿನಿಯಂಗಾಗಿ ಒಡೆದುಹೋದರೆ ಆಯಸ್ಕಾಂತ ಕಬ್ಬಿಣದ ರಾಶಿಯಲ್ಲಿ ಸೇರಿ ಮಾಯ. ಮಾಲು ಬರದೆ ಮೆಷಿನ್ ಹಾಕಿ ಏನು ಮಾಡುವುದು?

ಹಾಗಾಗಿ ಎಲ್ಲವೂ ಮತ್ತೆ ಸಂಗ್ರಹಕ್ಕೇ ಬಂದು ನಿಲ್ಲುತ್ತದೆ. 22 ರೂಪಾಯಿ ರೀಸೈಕ್ಲರ್ ಖಾತೆಗೆ ಬಿತ್ತು ಅಂತಲೇ ಆಗಲಿ. ಅದರಲ್ಲಿ ಒಂದಷ್ಟು ಭಾಗ ಗುಜರಿಯವರ ತನಕ ಇಳಿದು ಬರದಿದ್ದರೆ ಅವರು ಮಾಲನ್ನು ಇಡಿಯಾಗಿ ಯಾಕೆ ಕೊಡುತ್ತಾರೆ? 2022ರ ನಿಯಮದಲ್ಲಿ ಅವರಿಗೆ ಹೆಸರೇ ಇಲ್ಲ. ತಯಾರಕ, ತನ್ನ ಬ್ರಾಂಡ್ ಹೆಸರಿನಲ್ಲಿ ಮಾರುವ ಉತ್ಪಾದಕ, ರಿಪೇರಿ ಮಾಡಿ ಮಾರುವ ರೀಫರ್ಬಿಷರ್, ರೀಸೈಕ್ಲರ್ ಈ ನಾಲ್ವರಿಗೆ ಮಾತ್ರ ಪೋರ್ಟಲ್‌ನಲ್ಲಿ ಜಾಗ. ಹಿಂದೆ ಲೆಕ್ಕದಲ್ಲಿ ಇದ್ದ ಬಿಚ್ಚುವ ಘಟಕಗಳನ್ನೂ ಸಂಗ್ರಹ ಕೇಂದ್ರಗಳನ್ನೂ ಈ ಪಟ್ಟಿಯಿಂದ ಕೈಬಿಟ್ಟರು.

ಬೆಂಗಳೂರು ಯಾಕೆ ಇಲ್ಲಿ ಮುಖ್ಯ

ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ರೀಸೈಕ್ಲಿಂಗ್ ಘಟಕ ಅಂತ ಹೆಸರಾದ ಇ-ಪರಿಸರ ಶುರುವಾಗಿದ್ದು ಬೆಂಗಳೂರಿನ ಹತ್ತಿರದ ದಾಬಸ್‌ಪೇಟೆಯಲ್ಲಿ, 2005ರಲ್ಲಿ. ಅಂದರೆ ಕಾನೂನು ಬರುವುದಕ್ಕೆ ಆರು ವರ್ಷ ಮೊದಲೇ. ಇಲ್ಲಿನ ಐಟಿ ಕಂಪನಿಗಳಿಂದ ಒಂದೇ ಸಲಕ್ಕೆ ನೂರಾರು ಕಂಪ್ಯೂಟರ್ ಹೊರಬೀಳುತ್ತವೆ, ಹಾಗಾಗಿ ಇಲ್ಲಿ ಮಾಲು ಸಿಗುವುದು ಸುಲಭ ಇತ್ತು. ಈಗಿನ ನಿಯಮದಲ್ಲಿ ವರ್ಷದ ಯಾವುದೇ ಹೊತ್ತಿನಲ್ಲಿ ಪಟ್ಟಿಯಲ್ಲಿರುವ ಕನಿಷ್ಠ 1,000 ಸಾಧನಗಳನ್ನು ಬಳಸುವ ಸಂಸ್ಥೆ ದೊಡ್ಡ ಬಳಕೆದಾರ ಅಂತ ಲೆಕ್ಕ. ಅವರು ನೋಂದಣಿ ಆದವರಿಗೆ ಮಾತ್ರ ಹಳೇ ಸಾಮಾನು ಕೊಡಬೇಕು, ಹರಾಜು ಹಾಕಿ ಜಾಸ್ತಿ ಕೂಗಿದ ಗುಜರಿಯವರಿಗೆ ಕೊಡುವಂತಿಲ್ಲ. ಕಂಪನಿ, ಕಾಲೇಜು, ಬ್ಯಾಂಕು ಎಲ್ಲರಿಗೂ ಇದು ಅನ್ವಯಿಸುತ್ತದೆ.

ಮನೆಗಳ ಕತೆ ಬೇರೆ. ಅಲ್ಲಿ ಕಾನೂನಿನ ಬಲವಂತ ಇಲ್ಲ. ಆದರೆ ಒಣ ಕಸದ ವಿಷಯದಲ್ಲಿ ಬೆಂಗಳೂರು ಆಗಲೇ ಒಂದು ದಾರಿ ತೋರಿಸಿದೆ. ಕಸ ಆಯುವವರಿಗೆ ಆಗಿನ ಬಿಬಿಎಂಪಿ ಗುರುತಿನ ಚೀಟಿ ಕೊಟ್ಟಿತು, ಹಸಿರು ದಳದಂಥ ಸಂಘಟನೆ ಜೊತೆ ನಿಂತಿತು, ವಾರ್ಡುಗಳ ಹಲವು ಒಣ ತ್ಯಾಜ್ಯ ಸಂಗ್ರಹ ಕೇಂದ್ರಗಳನ್ನು ಅದೇ ಜನ ನಡೆಸುತ್ತಿದ್ದಾರೆ. ಇದೇ ರೀತಿ ಇ-ತ್ಯಾಜ್ಯ ಕೊಳ್ಳುವ ಗುಜರಿಯವರಿಗೂ ನೋಂದಣಿ ಕೊಟ್ಟು, ಒಡೆಯದೆ ಇಡಿಯಾಗಿ ತಂದ ಫ್ರಿಜ್‌ಗೆ, ಗ್ಯಾಸ್ ಸಮೇತ ಇರುವ ಎಸಿಗೆ ಕೆಜಿಗೆ ಇಂತಿಷ್ಟು ಜಾಸ್ತಿ ಅಂತ ಕೊಟ್ಟರೆ ಸುಡುವ ಶೆಡ್ಡಿಗೆ ಮಾಲು ಹೋಗುವುದು ತಾನಾಗಿಯೇ ಕಡಿಮೆ ಆಗುತ್ತದೆ. ಪೊಲೀಸ್ ದಾಳಿ ಮಾಡಿಸಿದರೆ ಶೆಡ್ಡು ಪಕ್ಕದ ಊರಿಗೆ ಹೋಗುತ್ತದೆ, ಅಷ್ಟೇ.

ಹಳೇ ಕಂಪ್ಯೂಟರ್‌ಗಳ ಹೊಸ ಅಲೆ

ಇದೇ ಹೊತ್ತಿಗೆ ಇನ್ನೊಂದು ಕಡೆಯಿಂದ ಒತ್ತಡ ಬಂದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಲು ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ಪು, ಸಾಕಷ್ಟು ಹೊಸ ಪ್ರೊಸೆಸರ್ ಬೇಕು. ಇದರಿಂದ ಜಗತ್ತಿನಲ್ಲಿ 24 ಕೋಟಿ ಕಂಪ್ಯೂಟರ್ ಮೂಲೆಗೆ ಬೀಳಬಹುದು ಅಂತ ಕೆನಾಲಿಸ್ ಎನ್ನುವ ಮಾರುಕಟ್ಟೆ ಸಂಶೋಧನಾ ಸಂಸ್ಥೆ 2023ರಲ್ಲೇ ಅಂದಾಜು ಮಾಡಿತ್ತು. ಇವು ಕೆಟ್ಟ ಕಂಪ್ಯೂಟರ್‌ಗಳಲ್ಲ ಅನ್ನುವುದೇ ವಿಚಿತ್ರ. ಒಂದು ಲ್ಯಾಪ್‌ಟಾಪಿನ ಇಡೀ ಜೀವನದ ಕಾರ್ಬನ್ ಲೆಕ್ಕದಲ್ಲಿ ಬಹುಪಾಲು ಅದನ್ನು ತಯಾರಿಸುವಾಗಲೇ ಖರ್ಚಾಗಿರುತ್ತದೆ, ಹಾಗಾಗಿ ಚೆನ್ನಾಗಿ ರೀಸೈಕಲ್ ಮಾಡುವುದಕ್ಕಿಂತ ಇನ್ನೂ ಮೂರ್ನಾಲ್ಕು ವರ್ಷ ಬಳಸುವುದು ಯಾವಾಗಲೂ ಮೇಲು. ಹಾರ್ಡ್‌ಡಿಸ್ಕ್ ಬದಲಿಗೆ ವೇಗದ ಎಸ್ಎಸ್‌ಡಿ ಹಾಕಿಸಿ, ರ‍್ಯಾಮ್ ಏರಿಸಿ, ವಿಂಡೋಸ್ ಬದಲಿಗೆ ಲಿನಕ್ಸ್ ಹಾಕಿದರೆ ಬ್ರೌಸಿಂಗು, ಬರವಣಿಗೆ, ಮಕ್ಕಳ ಪಾಠ ಎಲ್ಲಕ್ಕೂ ಸಾಕು. ವಿಂಡೋಸೇ ಬೇಕು ಅನ್ನುವವರಿಗೆ ಭದ್ರತಾ ಅಪ್‌ಡೇಟನ್ನು ಒಂದು ವರ್ಷ ಮುಂದುವರಿಸುವ ಅವಕಾಶವನ್ನೂ ಮೈಕ್ರೋಸಾಫ್ಟ್ ಕೊಟ್ಟಿದೆ.

ನಿಯಮ ಕೂಡ ಇದನ್ನು ಒಪ್ಪುತ್ತದೆ. ಹಳೇ ಕಂಪ್ಯೂಟರ್ ರಿಪೇರಿ ಮಾಡಿ ಮತ್ತೆ ಬಳಕೆಗೆ ತಂದರೆ ಕಂಪನಿಯ ರೀಸೈಕ್ಲಿಂಗ್ ಹೊಣೆ ಅಷ್ಟು ವರ್ಷ ಮುಂದಕ್ಕೆ ಹೋಗುತ್ತದೆ, ಆಮೇಲೆ ಬಂದಾಗಲೂ ಮುಂದೂಡಿದ ಪ್ರಮಾಣದ ಶೇ 75ರಷ್ಟು ಮಾತ್ರ ಲೆಕ್ಕಕ್ಕೆ ಸೇರುತ್ತದೆ. ಸರ್ಟಿಫಿಕೇಟ್ ಬೆಲೆ ಏರಿದಷ್ಟೂ ಕಂಪನಿಗಳಿಗೆ ರಿಪೇರಿ ಕಡೆ ಆಸಕ್ತಿ ಹುಟ್ಟಬೇಕು. 22 ರೂಪಾಯಿಯ ಜಗಳದಲ್ಲಿ ಈ ಕಡೆ ಯಾರೂ ನೋಡುತ್ತಲೇ ಇಲ್ಲ.

ಇನ್ನು ಕೊಡಲೇಬೇಕು ಅಂತಾದರೆ, ಎಷ್ಟೋ ಜನ ಹಳೇ ಲ್ಯಾಪ್‌ಟಾಪನ್ನು ಬೀರುವಿನಲ್ಲೇ ಇಟ್ಟುಕೊಳ್ಳುವುದು ಫೋಟೋ, ಬ್ಯಾಂಕ್ ವಿವರ ಹೊರಗೆ ಹೋಗುತ್ತದೆ ಅನ್ನುವ ಹೆದರಿಕೆಗೆ. ಹೆದರಿಕೆ ಸರಿಯೇ. ಸುಮ್ನೆ ಡಿಲೀಟ್ ಮಾಡಿದರೆ ಏನೂ ಅಳಿಯುವುದಿಲ್ಲ. ಹಾರ್ಡ್‌ಡಿಸ್ಕ್ ಆದರೆ ಪೂರ್ತಿ ಮೇಲೆ ಬರೆದು ಅಳಿಸುವ ಸಾಫ್ಟ್‌ವೇರ್ ಓಡಿಸಬೇಕು. ಎಸ್ಎಸ್‌ಡಿಗೆ ಆ ದಾರಿ ನಂಬುವಂತಿಲ್ಲ, ಮೊದಲು ಎನ್‌ಕ್ರಿಪ್ಟ್ ಮಾಡಿ (ಕೀಲಿ ಇಲ್ಲದೆ ಯಾರೂ ಓದಲಾಗದ ಹಾಗೆ ಮಾಡಿ) ಆಮೇಲೆ ರೀಸೆಟ್ ಮಾಡಬೇಕು, ಇಲ್ಲವೇ ತಯಾರಕರೇ ಕೊಡುವ ಸೆಕ್ಯೂರ್ ಇರೇಸ್ ಬಳಸಬೇಕು. ಫೋನ್ ಆದರೆ ಗೂಗಲ್ ಅಥವಾ ಆ್ಯಪಲ್ ಖಾತೆಯಿಂದ ಹೊರಬಂದು ಆಮೇಲೆ ರೀಸೆಟ್. ಇದಾವುದೂ ಬೇಡ ಅನ್ನಿಸಿದರೆ ಡಿಸ್ಕ್ ಬಿಚ್ಚಿ ಇಟ್ಟುಕೊಂಡು ಉಳಿದದ್ದನ್ನು ಕೊಡಿ. ಕೊಡುವ ಮುಂಚೆ ನೋಂದಣಿ ಇದೆಯಾ ಅಂತ ಕೇಳಿ, ರಸೀದಿ ತಗೊಳ್ಳಿ. ಉಬ್ಬಿದ ಬ್ಯಾಟರಿ ಇದ್ದರೆ ಮೊದಲೇ ಹೇಳಿಬಿಡಿ, ಸಾಗಿಸುವಾಗ ಬೆಂಕಿ ಹೊತ್ತಿಕೊಳ್ಳಬಹುದು.

ಕೋರ್ಟ್ ಹೇಗೆ ಹೇಳಿದರೆ ಏನಾಗಬಹುದು

ಕನಿಷ್ಠ ಬೆಲೆ ಬಿದ್ದುಹೋದರೆ ಸರ್ಟಿಫಿಕೇಟ್ ಮತ್ತೆ ಐದಾರು ರೂಪಾಯಿಗೆ ಇಳಿಯುತ್ತದೆ. ಆಗ ಮೊದಲು ನಿಲ್ಲುವುದು ಗ್ಯಾಸ್ ಹಿಡಿಯುವ, ಸೀಸದ ಗಾಜು ಬೇರೆ ಮಾಡುವ ಕೆಲಸ, ಯಾಕೆಂದರೆ ಅದರಿಂದ ಮಾರುವ ಮಾಲೇನೂ ಸಿಗುವುದಿಲ್ಲ. ಸರ್ಕಾರದ ಶೇ 43 ಅನ್ನುವ ಅಂಕಿ ಆಗಲೂ ಏರುತ್ತಲೇ ಇರಬಹುದು, ಕಾಗದಕ್ಕೆ ಅಡ್ಡಿ ಇಲ್ಲವಲ್ಲ.

ಬೆಲೆ ಉಳಿದುಕೊಂಡರೆ ಬೇರೆ ಅಪಾಯ ಇದೆ. 6 ರೂಪಾಯಿಗೆ ನಕಲಿ ಸರ್ಟಿಫಿಕೇಟ್ ಮಾಡುವುದಕ್ಕಿಂತ 22 ರೂಪಾಯಿಗೆ ಮಾಡುವುದರಲ್ಲಿ ಲಾಭ ಜಾಸ್ತಿ. ಆಗ ಸಿಪಿಸಿಬಿ ಪೋರ್ಟಲ್ ನೋಡಿಕೊಂಡು ಕೂತರೆ ಆಗುವುದಿಲ್ಲ. ಘಟಕದ ಕರೆಂಟ್ ಬಿಲ್ಲು, ಒಳಗೆ ಬಂದ ಲಾರಿಗಳ ಇ-ವೇ ಬಿಲ್ಲು, ಹೊರಗೆ ಮಾರಿದ ತಾಮ್ರದ ಜಿಎಸ್‌ಟಿ, ಹಿಡಿದ ಗ್ಯಾಸಿನ ತೂಕ, ಈ ನಾಲ್ಕೂ ಸರ್ಟಿಫಿಕೇಟ್‌ನ ಲೆಕ್ಕಕ್ಕೆ ಹೊಂದುತ್ತವಾ ಅಂತ ಒಂದೊಂದು ಘಟಕಕ್ಕೂ ಹೋಗಿ ತಾಳೆ ನೋಡಬೇಕು. ಮುಕ್ಕಾಲು ಭಾಗ ದಾಖಲೆ ಬೇರೆ ಬೇರೆ ಇಲಾಖೆಗಳಲ್ಲಿ ಆಗಲೇ ಇದೆ. ಅವನ್ನು ಒಂದೇ ಮೇಜಿನ ಮೇಲೆ ತರುವ ಕೆಲಸಕ್ಕೆ ಕೋರ್ಟಿನ ತೀರ್ಪು ಬರುವ ತನಕ ಕಾಯಬೇಕಿಲ್ಲ.